ಸಾದಾ ಪಾಠದ ಬೆನ್ನು ಹತ್ತಿ

ಶಾಲೆಯಲ್ಲಿ ಏನು ನಡೆಯುತ್ತದೆ ಎಂದು ನೋಡುವುದು ನನ್ನ ಕೆಲಸ. ನಾನು ನೋಡಲು ಹೋದೊಡನೆ ಅದು ನಡೆಯುವುದನ್ನು ನಿಲ್ಲಿಸಿಬಿಡುತ್ತದೆ. ಇದು ಒಂದೆರಡು ಸಲ ಆದದ್ದಲ್ಲ. ಹೋದ ಕಡೆಯಲ್ಲೆಲ್ಲ ಆಗಿದೆ.

ನಮ್ಮ ಕಡೆಯ ಶಾಲೆಗಳಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ ಮಾತಾಡುವ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಅವರು ಒಬ್ಬರಿಂದೊಬ್ಬರು ಹೇಗೆ ಕಲಿಯುತ್ತಾರೆ ಎಂಬುದೇ ನನ್ನ ಸಂಶೋಧನೆ. ಜೊತೆಗೆ ಮೈಸೂರು ಕಡೆಯ ಗೆಳತಿಯೊಬ್ಬಳಿದ್ದಾಳೆ, ಅವಳದೂ ಇದೇ ಕೆಲಸ. ನಮ್ಮಿಬ್ಬರಿಗೂ ಗೈಡ್ ಆಗಿರುವ ಮೇಡಂ ಒಂದೇ ಹಟ ಹಿಡಿದಿದ್ದರು. “ಹಾರ ತುರಾಯಿಯ ದಿನದ ವರದಿ ನನಗೆ ಬೇಡ. ಮಾಮೂಲಿ ಪಾಠ ನಡೆದ ಒಂದು ಸಾದಾ ದಿನ ನೋಡಿ ಬನ್ನಿ. ಅದಿಲ್ಲದೆ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ.” ಇಷ್ಟು ವರ್ಷದ ಓದು ಒಂದು ಸಾದಾ ದಿನಕ್ಕೆ ಜೋತುಬಿದ್ದಿತ್ತು.

ಸೇಡಂ: ನಾನು ಯಾರೂ ಅಲ್ಲ

ಸೇಡಂ ಹತ್ತಿರದ ಹಳ್ಳಿ ಶಾಲೆ. ಹೋದವಳೇ ಹೆಡ್‌ಮಾಸ್ತರರಿಗೆ ಹೇಳಿದೆ: “ನಾ ತಪಾಸಣಿಗಿ ಬಂದಿಲ್ರಿ ಸರ್. ಸುಮ್ಮ ಹಿಂದ ಕುಂತು ನೋಡ್ತೀನಿ.”

“ತಿಳೀತ್ರಿ ಮೇಡಂ, ತಿಳೀತು,” ಎಂದು ಅವರು ಕೈ ಮುಗಿದರು. ಸ್ವಲ್ಪ ಹೊತ್ತಿಗೆ ನೀರಿನ ಟಾಕಿ ತಿಕ್ಕುವ ಸದ್ದು ಕೇಳಿತು. ಹಲಗೆಯ ಪಕ್ಕದಲ್ಲೇ ನನಗೊಂದು ಖುರ್ಚಿ ಬಂತು, ಅದರ ಮೇಲೆ ಟವೆಲ್ ಬಂತು. ಮಕ್ಕಳು ಎದ್ದು ನಿಂತು ಸ್ವಾಗತಗೀತೆ ಹಾಡಿದರು. ಮಧ್ಯಾಹ್ನದ ಊಟಕ್ಕೆ ಗೋಧಿ ಹುಗ್ಗಿ ಆಯಿತು. ನಾನು ಹಟ ಬಿಡದೆ, “ಖರೇ ಹೇಳ್ತೀನ್ರಿ, ನಾ ಯಾರೂ ಅಲ್ಲ,” ಎಂದೆ.

ಗೋಡೆಯಾಚೆ ಹೆಡ್‌ಮಾಸ್ತರರು ಹೊಸ ಮಾಸ್ತರನಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು: “ಹುಷಾರಪಾ! ಸಣ್ಣ ಸಾಹೇಬ್ರಾದ್ರ ಬಂದ ಕೂಡ್ಲೇ ನಾ ಇಂಥವ ಅಂತ ಹೇಳ್ತಾರ. ಯಾರೂ ಅಲ್ಲ ಅನ್ಲಿಕತ್ತಾರಂದ್ರ ಭಾಳ ಮ್ಯಾಲಿನವ್ರೇ ಇರಬೇಕು.”

ಭಂಕೂರ: ಹಿಂದಿನ ಸಾಲು

ಖುರ್ಚಿಯೇ ಕೇಡು ಎಂದುಕೊಂಡು ಶಹಾಬಾದ್ ಪಕ್ಕದ ಭಂಕೂರಿನಲ್ಲಿ ಮೂರನೇ ಕ್ಲಾಸಿನ ಮಕ್ಕಳ ಹಿಂದೆ ಕಲ್ಲುಹಾಸಿನ ಮೇಲೇ ಕೂತೆ. ಮಕ್ಕಳೆಲ್ಲ ನನ್ನ ಕಡೆಗೇ ತಿರುಗಿ ಕೂತರು. ಒಂದು ವಾರ ಮಾಸ್ತರರು ಅವರ ಬೆನ್ನಿಗೆ ಪಾಠ ಮಾಡಿದರು, ಪಾಪ.

ಆಮೇಲೆ ಒಂದು ಹುಡುಗಿಯ ಮನೆಗೆ ಊಟಕ್ಕೆ ಹೋದೆ. ಅವಳ ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿದಳು. “ದಿನಾ ನಮ್ಮ ಕೂಸಿನ ಹಿಂದ ಕುಂದರಾಕಿ ನೀನೇ ಏನವ್ವಾ?”

“ಹೌದು ಆಯಿ.”

ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. “ನೋಡು, ನೆಟ್ಟಗ ಓದು. ಇಲ್ಲಂದ್ರ ಈ ಅಕ್ಕನ ಗತಿ ಆಗ್ತದ. ಇಷ್ಟು ದೊಡ್ಡಾಕಿ ಆಗ್ಯಾಳ, ಇನ್ನಾ ಮೂರನೇ ಕ್ಲಾಸ್ ದಾಟಿಲ್ಲ!” ಆಮೇಲೆ ಅವಳಿಗೇ ಮರುಕ ಬಂತೇನೋ, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಬೆನ್ನು ಸವರಿದಳು. “ಚಿಂತಿ ಮಾಡಬ್ಯಾಡ ಯವ್ವಾ, ಈ ವರ್ಷರೆ ಪಾಸ್ ಆಗ್ತೀ ತಗೋ.”

ನನ್ನ ಗೈಡ್ ಇಷ್ಟು ಧೈರ್ಯ ಎಂದೂ ಹೇಳಿರಲಿಲ್ಲ.

ಚಿಂಚೋಳಿ: ಮನೆಮಾತು

ಚಿಂಚೋಳಿ ಕಡೆಯ ತಾಂಡಾ ಶಾಲೆಗೆ ಗೆಳತಿ ಬಂದಿದ್ದಳು. ಒಂದು ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ತನ್ನ ಮೈಸೂರು ಕನ್ನಡದಲ್ಲಿ, “ನೀನು ಯಾವ ಭಾಷೆ ಮಾತಾಡ್ತೀಯಮ್ಮ?” ಎಂದಳು.

“ಯಾಡಿ ಕೂಡ ಲಂಬಾಣಿ,” ಎಂದಳು ಹುಡುಗಿ. ಯಾಡಿ ಎಂದರೆ ತಾಯಿ. “ಅಂಗಡ್ಯಾಗ ತೆಲುಗು. ಆಟ ಆಡಾಗ ಕನ್ನಡ. ಬಸ್ಸಿನ್ಯಾಗ ಉರ್ದು.”

ಗೆಳತಿಯ ಕಣ್ಣು ಅರಳಿತು. “ಶಾಲೆಯಲ್ಲಿ?”

“ಸಾಲ್ಯಾಗ ಮಾತಾಡಂಗಿಲ್ಲ. ಮಾತಾಡಿದ್ರ ಮೇಡಂ ಬೈತಾರ.”

ಇಬ್ಬರೂ ಜೋರಾಗಿ ನಕ್ಕೆವು. ಬಸ್ಸು ಹತ್ತಿದ ಮೇಲೆ ಮಾತ್ರ ನಗು ಬರಲಿಲ್ಲ. ಅಷ್ಟು ಮಾತು ಬಲ್ಲ ಮಗು ಪಾಪ, ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತದೆ. ಗೆಳತಿ ಕಿಟಕಿಯ ಕಡೆ ಮುಖ ಮಾಡಿ, “ನಮಗೂ ಅವಳಿಗೂ ಬೇಕಾಗಿರೋದು ಒಂದೇ ಕಣೆ. ಮೇಡಂ ಬೈಯದ ಒಂದು ದಿನ,” ಎಂದಳು.

ಚಿತ್ತಾಪುರ: ಸಾದಾ ದಿನ

ವಾಡಿ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದಾಗ ಗೈಡ್ ಮೇಡಂ ಅವರ ಫೋನ್ ಬಂತು. ಈ ತಿಂಗಳೇ ಕೊನೆ ಎಂದರು. ಉಳಿದದ್ದು ಚಿತ್ತಾಪುರದ ಒಂದು ಶಾಲೆ. ಅಲ್ಲಿಯ ಹೆಡ್‌ಮೇಡಂ ಬಲು ಜಾಣೆ. ವಾರ ಮೊದಲೇ ಹೋಗಿ ಕೈ ಹಿಡಿದು ಬೇಡಿಕೊಂಡೆ: “ಹಾರ ಬ್ಯಾಡ, ಹಾಡು ಬ್ಯಾಡ. ದಿನಾ ಹೆಂಗ ನಡೀತದ ಹಂಗೇ ಇರ್ಲಿ. ಒಟ್ಟು ಸಾದಾ ಇರ್ಲಿ.”

“ಸಾದಾ ಬೇಕೇನ್ರಿ? ಆಗ್ಲಿ ಬರ್ರಿ,” ಎಂದರು.

ಹೋದೆ. ಯಾರೂ ಎದ್ದು ನಿಲ್ಲಲಿಲ್ಲ! ಒಬ್ಬ ಆಕಳಿಸುತ್ತಿದ್ದ. ಇಬ್ಬರು ಪೆನ್ಸಿಲಿಗಾಗಿ ಜಗಳವಾಡಿದರು. ಒಬ್ಬಳು ಪಕ್ಕದವಳಿಗೆ ಉರ್ದುವಿನಲ್ಲಿ ಲೆಕ್ಕ ಹೇಳಿಕೊಟ್ಟಳು, ಅವಳು ಅದನ್ನು ಹಿಂದಿನವಳಿಗೆ ಲಂಬಾಣಿಯಲ್ಲಿ ದಾಟಿಸಿದಳು. ನಾನು ಹುಡುಕುತ್ತಿದ್ದುದು ಇದನ್ನೇ. ಅಷ್ಟರಲ್ಲಿ ಒಬ್ಬ ಹುಡುಗಿ ತಡವಾಗಿ ಬಂದು ಬೈಸಿಕೊಂಡು ಕೂತಳು. ನನ್ನ ಕಣ್ಣು ತುಂಬಿ ಬಂತು. “ಸಿಕ್ಕಿತು!” ಎಂದು ಗೆಳತಿಗೆ ಮೆಸೇಜು ಹಾಕಿದೆ.

ಆಗ ಬಾಗಿಲಲ್ಲಿ ಇನ್ನೊಬ್ಬಳು ಹುಡುಗಿ ಇಣುಕಿದಳು. ಬಿಸಿಲಿಗೆ ಮುಖ ಕೆಂಪಾಗಿತ್ತು.

“ಮೇಡಂ, ನಾ ಯಾವಾಗ ತಡಾ ಮಾಡಿ ಬರ್ಲಿ?”

ಆಕಳಿಸುತ್ತಿದ್ದವ ಬಾಯಿ ಮುಚ್ಚಿದ. ಪಾಠ ಮಾಡುತ್ತಿದ್ದ ಟೀಚರು ತಲೆ ತಗ್ಗಿಸಿದರು. ಹೆಡ್‌ಮೇಡಂ ಮಾತ್ರ ಚೂರೂ ಅಳುಕದೆ ಒಳಗೆ ಬಂದರು. “ವಾರದಿಂದ ಪ್ರಾಕ್ಟೀಸ್ ಮಾಡಿಸೀನ್ರಿ. ಸ್ವಾಗತ ಮಾಡೋದು ಸಸಾರ, ಈ ಸಾದಾ ಮಾಡೋದು ಭಾಳ ತ್ರಾಸ ಅದ.”

“ಜಗಳಾನೂ ಕಲಿಸಿದ್ದೇನ್ರಿ?”

“ಮತ್ತ? ಖರೇ ಜಗಳ ಆಡೋರಿಗಿ ಇವತ್ತ ರಜಾ ಕೊಟ್ಟೀನಿ. ಅವ್ರು ಹೇಳಿದ ಟೈಮಿಗಿ ನಿಲ್ಲಸಂಗಿಲ್ರಿ.”

ತಿಂಗಳು ಮುಗಿಯುತ್ತ ಬಂದಿದೆ, ಸಹಿ ಹೋಯಿತು ಎಂದು ಅಲ್ಲೇ ಕುಸಿದು ಕೂತೆ. ಹೆಡ್‌ಮೇಡಂಗೆ ಅಯ್ಯೋ ಅನ್ನಿಸಿತು. ಪಕ್ಕದಲ್ಲಿ ಕೂತು ಭುಜ ತಟ್ಟಿದರು.

“ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ. ನಾಳಿಗಿ ಬರ್ರಿ, ಇನ್ನಾ ಸಾದಾ ಮಾಡಿ ತೋರಸ್ತೀವಿ.”