ನಾಲ್ಕ್ ತಾಲೂಕಿನ ನಾಯಿಗಳೂ ನನ್ ಸೂಜಿ ಚೀಟೀನೂ

ನಾಯಿ ಕಾಟ ಮುಗೀತು ಅನ್ಕಂಡಾಗ್ಲೆಲ್ಲ ಇನ್ನೊಂದ್ ಬಂದು ಕಚ್ಚದೆ ನನ್ಗೆ. ಸಾಕಾಗೋಗದೆ. ಸೈಕಲ್ ಮ್ಯಾಲೆ ಸ್ಟೀಲ್ ಪಾತ್ರೆ ಏರ್ಕಂಡು, ಹಳೇ ಸೀರೆ, ಪಂಚೆ ಇಸ್ಕಂಡು ಪಾತ್ರೆ ಕೊಡೋ ಯಾಪಾರ ನಂದು. ಹುಣಸೂರಿಂದ ಹೊಂಟ್ರೆ ಪಿರಿಯಾಪಟ್ಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾನ್ ತುಳೀದೇ ಇರೋ ರಸ್ತೆ ಇಲ್ಲ. ನನ್ನಂಗೆ ತುಳಿಯೋ ಗಂಡು ಇನ್ನೊಬ್ಬ ಉಟ್ಟಿಲ್ಲ. ಆದ್ರೆ ಪಾತ್ರೆ ಸದ್ದು ಕೇಳಿ ಎಂಗಸ್ರು ಆಚೆ ಬರೋದು ಆಮೇಲೆ. ನಾಯಿಗಳು ಮೊದ್ಲು.

೧. ಪಿರಿಯಾಪಟ್ಣದ್ದು

ಅಲ್ಲೊಂದ್ ಅಳ್ಳೀಲಿ ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಪಕ್ಕ ಬೆಚ್ಗೆ ಮಲ್ಗಿದ್ದ ನಾಯಿ ನನ್ ಪಾತ್ರೆ ಸದ್ದಿಗೆ ಎದ್ದು ಮೀನ್‌ಖಂಡಕ್ಕೇ ಬಾಯಾಕ್ತು. ಆಗೆಲ್ಲ ನಾಯಿ ಸೂಜಿ ಅಂದ್ರೆ ಒಕ್ಕುಳ ಸುತ್ತ ಅದ್ನಾಕು, ದಿನಕ್ಕೊಂದು. ಒಳ್ಳೊಳ್ಳೆ ಪೈಲ್ವಾನ್ರು ಗೋಳೋ ಅಂತಿದ್ರು. ನಾನು ಉಸ್ರು ಬುಡ್ಲಿಲ್ಲ. ಮೊದ್ಲ ದಿನ ಒಂದ್ಸಲ ಕೂಗಿದ್ದು ನಿಜ, ಅದ್ಕೆ ಸಿಸ್ಟರಮ್ಮ, "ಇನ್ನೂ ಬರೀ ಹತ್ತಿ ಒರ್ಸಿದ್ದು ಕಣಣ್ಣ" ಅಂದ್ರು.

ಕೊನೇ ದಿನ ಕೇಳ್ದೆ, ಇದು ಎಷ್ಟ್ ವರ್ಸ ತಡೀತದೆ ತಾಯಿ, ನಾನು ಊರೂರು ತಿರ್ಗೋನು ಅಂತ. ಸದ್ಯಕ್ಕೇನ್ ಭಯ ಇಲ್ಲ ಹೋಗಣ್ಣ ಅಂದ್ರು. ಸದ್ಯಕ್ಕೆ ಅನ್ನೋದ್ನ ಅಲ್ಲೇ ಬುಟ್ಟೆ. ಭಯ ಇಲ್ಲ ಅನ್ನೋದ್ನ ಮನೆಗ್ ತಂದೆ.

೨. ಕೆ.ಆರ್. ನಗರದ್ದು

ನಾಕೈದ್ ವರ್ಸ ಆಗಿತ್ತೋ ಏನೋ. ಗದ್ದೆ ಬಯಲಿನ ಒಂದೂರಲ್ಲಿ ಒಬ್ಬಮ್ಮ ಹಳೇ ಸೀರೆ ತಂದು ಕೊಳಗ ಕೇಳ್ತಿದ್ಲು. ನಮ್ಮಿಬ್ರ ಚೌಕಾಸಿ ಅವಳ ನಾಯಿಗೆ ಹಿಡಿಸ್ಲಿಲ್ಲ, ನನ್ ಕಾಲ್ ಇಡೀತು. ಆಯಮ್ಮ ಗಾಬರಿ ಬಿದ್ದು ಗಾಯಕ್ಕೆ ಖಾರದ ಪುಡಿ ತರೋಕೆ ಓಡುದ್ಲು. ಬ್ಯಾಡ ಅಂದೆ. ನನ್ ಮೈಯೊಳಗೆ ಅದ್ನಾಕ್ ಸೂಜಿ ಅವೆ, ಏನಾದ್ರೂ ಆದ್ರೆ ನಿನ್ ನಾಯಿಗೇ ಆಗ್ಬೇಕು ಅಂದೆ.

ನನ್ನೆಂಡ್ತಿ ನಂಬ್ಲಿಲ್ಲ. ಆಸ್ಪತ್ರೆಗ್ ನಡಿ ಅಂದ್ಲು, ನಾನ್ ಒಪ್ಲಿಲ್ಲ. ಅತ್ತ್ ದಿನ ನಾಯಿ ಬದ್ಕಿದ್ರೆ ಸರಿ ಅಂತ ಯಾರೋ ಅವಳ ಕಿವೀಗ್ ಊದುದ್ರು. ಆ ನಾಯಿ ಉಸ್ರಾಡ್ತಾ ಅದೋ ಇಲ್ವೋ ದಿನಾ ನೋಡ್ಕಂಡ್ ಬಾ, ಹೊಟ್ಟೆಗಿಲ್ದೆ ಸತ್ರೆ ರೋಗ ಇತ್ತೋ ಇಲ್ವೋ ನಮ್ಗೆ ಗೊತ್ತಾಗಲ್ಲ ಅಂತ ಡಬ್ಬೀಲಿ ಮುದ್ದೆ ಸಾರು ಕಟ್ಟುದ್ಲು. ನಾಯಿಗೆ. ನನ್ಗೆ ರಾತ್ರಿ ಉಳ್ದಿದ್ದು. ಮಣ ಭಾರದ ಸೈಕಲ್ ತುಳ್ಕಂಡು ದಿನಾ ಅಲ್ಲೀಗಂಟ ಹೋಗಿ, ಕಚ್ಚಿದ್ ನಾಯಿಗೇ ಊಟ ಬಡ್ಸಿ ಬತ್ತಿದ್ದೆ. ಊರೋರು ಅಳಿಯಂದ್ರು ಬಂದ್ರು ಅಂತ ನಗೋರು.

ಒಂಬತ್ನೇ ದಿನ ಹೋದ್ರೆ ಆಯಮ್ಮ ಮೊಕ ಸಣ್ಣ ಮಾಡ್ಕಂಡು ನಿಂತವ್ಳೆ. ಎರಡ್ ದಿನದಿಂದ ನಾಯಿ ಕೂಳ್ ಮುಟ್ತಿಲ್ಲ ಅಂದ್ಲು. ಅಲ್ಲೇ ಜಗುಲಿ ಮ್ಯಾಲೆ ಕುಸ್ದೆ. ಎಂಡ್ತಿ ಮಕ್ಳೆಲ್ಲ ಕಣ್ಮುಂದೆ ಬಂದ್ರು. ನೀರ್ ಕುಡೀತದಾ ತಾಯಿ ಅಂದೆ.

"ನೀರೂ ಕುಡೀತದೆ, ಹಾಲೂ ಕುಡೀತದೆ. ನಮ್ಮನೇ ಮುದ್ದೆ ಮಾತ್ರ ಮೂಸಲ್ಲ. ನಿಮ್ಮೆಂಡ್ರು ಸಾರಿಗೆ ಏನಾಕ್ತಾರೆ ಕೇಳ್ಕಂಬನ್ನಿ."

೩. ನಮ್ ಬೀದೀದು

ಮೂರ್ನೇದು ಹುಣಸೂರಲ್ಲೇ, ನಮ್ ಬೀದಿ ನಾಯಿ. ನಾಲ್ಕ್ ತಾಲೂಕ್ ಸುತ್ತಿ ಬಂದೋನ್ನ ಮನೆ ಬಾಕ್ಲಲ್ಲಿ ಕಚ್ತು. ಈ ಸಲ ಎಂಡ್ತಿ ನನ್ ಮಾತ್ ಕೇಳ್ಲಿಲ್ಲ, ಆಸ್ಪತ್ರೆಗ್ ಎಳ್ಕಂಡೇ ಹೋದ್ಲು. ಅಲ್ಲಿ ಡಾಕ್ಟ್ರಮ್ಮ ಚಿಕ್ ವಯಸ್ಸಿನೋರು. ಮುಂಚೆ ಸೂಜಿ ಆಗಿದ್ಯಾ, ಚೀಟಿ ಎಲ್ಲಿ ಅಂದ್ರು. ಶರಟೆತ್ತಿ ಒಕ್ಕುಳ ತೋರ್ಸಿ, ಇದೇ ಚೀಟಿ ಅಂದೆ.

ನಗ್ಲಿಲ್ಲ ಅವ್ರು. ಅದು ಹಳೇ ಔಷ್ದಿ, ಲೆಕ್ಕಕ್ಕಿಲ್ಲ, ಈಗ ತೋಳಿಗೆ ಐದು ಅಂದ್ರು. ನಾಯಿ ನೋಡ್ಕಂಡ್ ಕೂತಿದ್ದ ಕತೆ ಎಂಡ್ತಿ ಬಾಯ್ಬುಟ್ಲು, ಅದ್ಕೂ ಬೈದ್ರು. ಕಚ್ಚಿದ ತಕ್ಷಣ ಸೋಪಾಕಿ ಚೆನ್ನಾಗಿ ತೊಳ್ದು ಸೀದಾ ಬರ್ಬೇಕಂತೆ. ಇದಾದ್ರೂ ಎಷ್ಟ್ ವರ್ಸ ತಡೀತದೆ ತಾಯಿ ಅಂದೆ.

"ಇಷ್ಟೇ ವರ್ಷ ಅಂತ ಬರೆದು ಕೊಡೋಕಾಗಲ್ಲ ಯಜಮಾನ್ರೇ. ಮತ್ತೆ ಕಚ್ಚಿದ್ರೆ ಮತ್ತೆ ಬರಬೇಕು. ಆದ್ರೆ ಐದೂ ಮುಗಿಸಿ ಈ ಚೀಟಿ ಇಟ್ಕೊಳ್ಳಿ. ಇದನ್ನ ತೋರಿಸಿದ್ರೆ ಎರಡೇ ಸೂಜಿ, ಇಲ್ಲದಿದ್ರೆ ಮೊದಲಿಂದ ಐದು."

ಐದೂ ಮುಗಿಸ್ದೆ. ಎಂಡ್ತಿ ಚೀಟೀನ ಟ್ರಂಕಲ್ಲಿಡು ಅಂದ್ಲು. ಊರೂರು ತಿರ್ಗೋನ್ಗೆ ಟ್ರಂಕಲ್ಲಿದ್ದು ಏನ್ಬಂತು? ಪ್ಲಾಸ್ಟಿಕ್ ಕವರಿಗಾಕಿ ಕೈಚೀಲದಲ್ಲೇ ಮಡಿಕ್ಕಂಡೆ. ದಾರೀಲಿ ನಾಯಿ ಗುರ್ ಅಂದ್ರೆ ಅದ್ನೇ ಎತ್ತಿ ತೋರಿಸ್ತಿದ್ದೆ. ಒಂದೂ ಬುಡ್ಲಿಲ್ಲ, ಅಟ್ಟುಸ್ಕಂಡೇ ಬರವು. ಅವೂ ನನ್ನಂಗೇಯ, ಇಸ್ಕೂಲ್ ಮೆಟ್ಲು ಅತ್ತಿಲ್ಲ.

೪. ಅಂತರಸಂತೇದು

ಕೋಟೆ ಕಡೆ ಅಂತರಸಂತೇಲಿ ಸಂತೆ ದಿನ ಒಳ್ಳೇ ಒಣಮೀನು ಸಿಕ್ತು. ಎಂಡ್ತೀಗಿಷ್ಟ ಅಂತ ತಕಂಡು ಅದೇ ಕೈಚೀಲಕ್ಕಾಕಿ ಹ್ಯಾಂಡಲ್ಗೆ ತಗ್ಲಾಕ್ದೆ. ಸಂತೆ ದಾಟಿ ನೂರ್ ಮಾರು ಹೋಗಿಲ್ಲ, ಹಿಂದಿಂದ ಬಂದ ನಾಯಿ ಚೀಲಕ್ಕೇ ನೇತಾಕ್ಕಂತು. ನಾನೂ ಬುಡೋನಲ್ಲ, ಎಳ್ದೆ. ಅದೂ ಎಳೀತು. ಕೊನೇಗೆ ಚೀಲ ಬುಟ್ಟು ನನ್ ಕೈ ಕಚ್ತು. ನಾನು ಕೈ ನೋಡ್ಕಳೋ ಅಷ್ಟ್ರಲ್ಲಿ ಚೀಲ ಕಚ್ಕಂಡು ಕಾಡಂಚಿನ ಪೊದೆ ಸೇರ್ತು. ಮೀನು ಹೋದ್ರೆ ಹೋಗ್ಲಿ, ಚೀಟೀಲಿ ಉಳೀತಿದ್ದ ನನ್ ಮೂರ್ ಸೂಜಿ ಹೋದೋ ಅಂತ ಅಲ್ಲೇ ಕೂಗುದ್ನಂತೆ. ಜನ ನೋಡ್ತಾ ನಿಂತ್ರು.

ಡಾಕ್ಟ್ರಮ್ಮ ಯೋಳಿದ್ದಂಗೆ ಬೋರ್ ನೀರಲ್ಲಿ ಸೋಪಾಕಿ ತೊಳ್ದು, ಅತ್ರದ ಆಸ್ಪತ್ರೆಗೇ ತುಳ್ದೆ. ಡಾಕ್ಟ್ರು ವಯಸ್ಸಾದೋರು, ನನ್ನಂಗೇ ಸುಸ್ತಾಗ್ ಕುಂತಿದ್ರು. ಐದೂ ಆಗದೆ ಸ್ವಾಮಿ, ಎರಡೇ ಸಾಕು ಅಂದೆ. ಚೀಟಿ ಅಂದ್ರು. ಹುಣಸೂರಲ್ಲಿ ಬರ್ಕಂಡವ್ರೆ ಅಂದೆ. ಅಲ್ಲಿಂದ ತರಿಸೋ ತನಕ ಕಾಯೋ ಕಾಯಿಲೆ ಅಲ್ಲ ಇದು, ನಿಮ್ಮ ಚೀಟಿ ಎಲ್ಲಿ ಅಂದ್ರು.

"ನಾಯಿ ತಿಂತು ಸ್ವಾಮಿ."

"ಯಾವ ನಾಯಿ?"

"ಇದೇ, ಕಚ್ಚಿದ್ ನಾಯೀನೇ."

ಡಾಕ್ಟ್ರು ಕನ್ನಡಕ ತೆಗ್ದು, ಒರ್ಸಿ, ಮತ್ತೆ ಆಕ್ಕಂಡ್ರು.

"ಹಂಗಾದ್ರೆ ಆ ನಾಯಿ ಬಂದ್ರೆ ಅದಕ್ಕೆ ಎರಡು ಹಾಕ್ತೀನಿ. ನಿಮಗೆ ಐದು. ತೋಳು ಕೊಡಿ."