ಬಾಲದಿಂದ ಬಿಚ್ಚಿದ ಕಾದಂಬರಿ

ನನ್ನ ಹೆಂಡತಿಯೂ ಅವಳ ಅಕ್ಕನೂ ಮಾತು ಬಿಟ್ಟಿದ್ದರು. ಅಕ್ಕತಂಗಿ ಮಾತು ಬಿಟ್ಟರೆ ನಿನಗೇನಯ್ಯಾ ನಷ್ಟ ಅಂತ ನೀವು ಕೇಳಬಹುದು. ಅದು ಮದುವೆಯಾಗದವರು ಕೇಳುವ ಪ್ರಶ್ನೆ. ನನ್ನ ಹೆಂಡತಿಯ ಬಾಯಲ್ಲಿ ದಿನಕ್ಕೆ ಇಷ್ಟು ಮಾತು ಅಂತ ಉತ್ಪತ್ತಿಯಾಗುತ್ತದೆ. ಮೊದಲೆಲ್ಲ ಸಂಜೆಯಾದರೆ ಅದಷ್ಟೂ ಫೋನಿನಲ್ಲಿ ಅಕ್ಕನ ಮನೆಗೆ ಹರಿದುಹೋಗುತ್ತಿತ್ತು. ನಾನು ಅಂಗಡಿಯ ಶಟರ್ ಎಳೆದು ಬಂದು, ಕಾಲು ಚಾಚಿ, ಟೀವಿ ಮುಂದೆ ಗರ್ಭಗುಡಿಯ ದೇವರ ಹಾಗೆ ಕೂತಿರುತ್ತಿದ್ದೆ. ಈಗ ಆ ಕಾಲುವೆಗೆ ಅಡ್ಡ ಕಟ್ಟೆ ಬಿತ್ತು. ನೀರು ಎಲ್ಲಿಗೆ ನುಗ್ಗಬೇಕು? ತಗ್ಗಿನಲ್ಲಿರುವವನು ನಾನೊಬ್ಬನೇ.

ಇದಕ್ಕೆಲ್ಲ ಕಾರಣ ಪುಸ್ತಕ. ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಅವಳ ಅಕ್ಕ, ಅಂದರೆ ನನ್ನ ಅತ್ತಿಗೆ, ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಇಬ್ಬರಿಗೂ ಒಬ್ಬ ಲೇಖಕಿಯ ಹುಚ್ಚು ಹಿಡಿಯಿತು. ಅವಳು ಬರೆಯುವುದು ಡಾರ್ಕ್ ರೊಮ್ಯಾನ್ಸ್ ಅಂತೆ. ಕರೆಂಟು ಹೋದಾಗ ನಡೆಯುವ ಪ್ರೇಮ ಇರಬೇಕು ಅಂದುಕೊಂಡೆ. (ಮೋಟಾರು, ಫ್ಯಾನು ರಿಪೇರಿ ಮಾಡುವವನಿಗೆ ಇನ್ನೇನು ಹೊಳೆಯುತ್ತೆ.)

"ಹಾಗಲ್ಲ ರೀ," ಅಂದಳು. "ಹೀರೋನೇ ಕೆಟ್ಟವನಿರ್ತಾನೆ. ಹುಡುಗೀನ ಹೊತ್ಕೊಂಡು ಹೋಗಿ ಬಂಗಲೆಯಲ್ಲಿ ಕೂಡಿಹಾಕ್ತಾನೆ. ಆಮೇಲೆ ಪ್ರೀತಿ ಆಗುತ್ತೆ."

"ಪೊಲೀಸ್‌ನೋರು?"

"ಅವರು ಈ ಪುಸ್ತಕದಲ್ಲಿ ಬರಲ್ಲ."

"ಅಲ್ವೇ, ಊಟ ತಣ್ಣಗಿದೆ ಅಂತ ನಾನು ಸ್ವಲ್ಪ ದನಿ ಎತ್ತಿದ್ರೆ ವಾರಗಟ್ಟಲೆ ಮುಖ ಊದಿಸ್ಕೊಂಡಿರ್ತೀಯ. ಅವನು ಕೂಡಿಹಾಕಿದ್ರೆ ಪ್ರೀತಿನಾ?"

"ನಿಮ್ಮ ಹತ್ರ ಬಂಗಲೆ ಎಲ್ಲಿದೆ?"

ಇಂಥ ಸಾಹಿತ್ಯ. ಒಟ್ಟು ಏಳು ಪುಸ್ತಕದ ಸರಮಾಲೆ ಅದು. ಮೊದಲನೆಯದನ್ನು ಅಕ್ಕತಂಗಿ ಇಬ್ಬರೂ ಓದಿ, ಫೋನಿನಲ್ಲೇ ಅತ್ತು, ಉಳಿದ ಆರನ್ನು ಪಾಲುದಾರಿಕೆಯಲ್ಲಿ ತರಿಸಿದರು. ಒಟ್ಟಿಗೇ ಓದಬೇಕು, ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ಒಂದು ಹಾಳೆಯನ್ನೂ ತಿರುವಬಾರದು ಅಂತ ಆಣೆ ಬೇರೆ. ಡಬ್ಬಿ ನಮ್ಮ ಮನೆಗೆ ಬಂತು. ಅತ್ತಿಗೆಯೂ ಬಂದರು. ಡಬ್ಬಿ ಬಿಚ್ಚಿದ ಕೂಡಲೇ ಕುರುಕ್ಷೇತ್ರ.

ಬರೆದ ಕ್ರಮದಲ್ಲೇ ಓದಬೇಕು, ಮುಂದಿನದು ಎರಡನೇದು ಅಂತ ನನ್ನವಳು. ನಾಲ್ಕನೇದರಲ್ಲಿ ಹೀರೋನ ಬಾಲ್ಯ ಇದೆಯಂತೆ, ಆದ್ದರಿಂದ ಅದು ಮೊದಲು ಅಂತ ಅತ್ತಿಗೆ.

"ಬರೆದವಳಿಗಿಂತ ನಿನಗೆ ಜಾಸ್ತಿ ಗೊತ್ತೇನಕ್ಕಾ?"

"ದಿನಾ ಹೆರಿಗೆ ನೋಡೋಳು ಕಣೇ ನಾನು. ಮಗು ಮೊದಲೋ ಗಂಡಸು ಮೊದಲೋ ಅಂತ ನನಗೆ ಹೇಳ್ಕೊಡ್ಬೇಡ."

"ಹೋಗೇ, ನಿಂದು ಯಾವಾಗಲೂ ಇದೇ. ಚಿಕ್ಕಂದಿನಿಂದ ನೀನು ಹೇಳಿದ್ದೇ ಆಗ್ಬೇಕು."

ಚಿಕ್ಕಂದಿನ ಮಾತು ಬಂತು ಅಂದರೆ ಮುಗಿಯಿತು. ಅತ್ತಿಗೆ ಮೊದಲನೇ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಎದ್ದು ಹೋದರು. ಆರು ಪುಸ್ತಕ ನಮ್ಮ ಮನೆಯಲ್ಲಿ ಕೂತವು. ಇಬ್ಬರೂ ಓದಲಿಲ್ಲ, ಇಬ್ಬರೂ ಫೋನೂ ಮಾಡಲಿಲ್ಲ.

ಅಂದಿನಿಂದ ನನ್ನ ವನವಾಸ. ಯಾರು ಕೆಮ್ಮಿನ ಔಷಧಿ ಕೊಂಡರು, ಯಾರಿಗೆ ಎಲ್ಲಿ ಕಜ್ಜಿ, ಯಾವ ಮುದುಕಪ್ಪ ತಲೆಗೂದಲಿನ ಬಣ್ಣವನ್ನು ಪಿಸುದನಿಯಲ್ಲಿ ಕೇಳಿದ, ಎಲ್ಲ ನನ್ನ ಕಿವಿಗೇ. ನನಗೋ ಕೋಪ ಮೂಗಿನ ತುದಿಯಲ್ಲಿ. ಕೊನೆಗೊಂದು ಸಂಜೆ ಸಿಡಿದೆ.

"ಕೊಡೇ ಇಲ್ಲಿ ಆ ಪುಸ್ತಕಾನ. ನಾನೇ ಓದಿ ಯಾವುದು ಮೊದಲು ಅಂತ ತೀರ್ಮಾನ ಹೇಳ್ತೀನಿ."

"ನೀವಾ? ಕರೆಂಟ್ ಬಿಲ್ಲನ್ನೇ ಎರಡೆರಡು ಸಲ ಓದ್ತೀರಿ."

"ಒಂದ್ಸಲ ತಿಳ್ಕೊಳ್ಳೋಕೆ, ಇನ್ನೊಂದ್ಸಲ ಬೈಯೋಕೆ."

ಅವಳು ಪುಸ್ತಕದ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. ಆಮೇಲೆ ಮೆತ್ತಗೆ, "ಅಕ್ಕ ಮತ್ತೆ ಈ ಮನೆಗೆ ಬಂದ್ರೆ ಸಾಕು ರೀ," ಅಂದಳು. ನಾನು ಟೀವಿಯ ಸದ್ದು ತಗ್ಗಿಸಿದೆ. ಅಷ್ಟರಲ್ಲಿ ಅವಳ ದನಿ ಮಾಮೂಲಿಗೆ ಬಂತು. "ಬರ್ಲಿಲ್ಲ ಅಂದ್ರೆ ಮಾತ್ರ ಟೀವಿ ಆಫ್ ಮಾಡಿ, ಪ್ರತಿ ಮಾತಿಗೂ ಹೂಂ ಅಂದ್ಕೊಂಡು, ಜೀವನಪೂರ್ತಿ ನೀವೇ ಕೇಳ್ಬೇಕು. ಇನ್ನೊಂದು, ಕತೆ ಒಂದಕ್ಷರ ನನಗೆ ಹೇಳಕೂಡದು. ಯಾವುದು ಮೊದಲು ಅಂತ ಮಾತ್ರ ಹೇಳಿ."

ನಾನು ಶಾಲೆಗೆ ಹೋಗಿದ್ದು ಕಡಿಮೆ. ಆದರೆ ನನ್ನ ಕೈಕೆಲಸಕ್ಕೊಂದು ಶಾಸ್ತ್ರ ಇದೆ. ಇನ್ನೊಬ್ಬರು ಸುತ್ತಿದ ಮೋಟಾರಿನ ಗುಟ್ಟು ತಿಳಿಯಬೇಕಾದರೆ ಕೊನೆಯಲ್ಲಿ ಸುತ್ತಿದ ತಂತಿಯನ್ನು ಮೊದಲು ಬಿಚ್ಚಬೇಕು. ಮೊದಲು ಸುತ್ತಿದ್ದು ತಳದಲ್ಲಿರುತ್ತದೆ, ಅದಕ್ಕೇ ನೇರವಾಗಿ ಕೈ ಹಾಕಿದರೆ ಎಲ್ಲ ಹರಿದುಹೋಗುತ್ತದೆ. ಯಂತ್ರಕ್ಕೊಂದು ನ್ಯಾಯ, ಕಾದಂಬರಿಗೊಂದು ನ್ಯಾಯವೇ? ಏಳನೇದನ್ನು ಕೈಗೆತ್ತಿಕೊಂಡೆ. ಅಂಗಡಿಯಲ್ಲಿ ಕೌಂಟರಿನ ಕೆಳಗಿಟ್ಟುಕೊಂಡು, ಸಾಲಿನ ಮೇಲೆ ಬೆರಳಿಟ್ಟು ಓದಿದೆ. ಗಿರಾಕಿ ಬಂದರೆ ಬೈದು ಕಳಿಸಿದೆ.

ಏಳನೇದರಲ್ಲಿ ಹೀರೋ ಏನು ಮಾಡುತ್ತಿದ್ದ ಅಂತೀರಿ? ಪಾತ್ರೆ ತೊಳೆಯುತ್ತಿದ್ದ. ಹೆಗಲ ಮೇಲೆ ಮಗು, ಕೈತುಂಬ ಸೋಪಿನ ನೊರೆ, ಹೆಂಡತಿ ಕೆಮ್ಮಿದರೆ ಬೆಚ್ಚಿಬೀಳುತ್ತಾನೆ. ಅಯ್ಯೋ ಪಾಪ ಅನ್ನಿಸಿತು. ಆರನೇದರಲ್ಲಿ ಅವನು ಒಂದು ಸಲ ಎದುರು ಮಾತಾಡಿದ. ನನಗೆ ಮೈ ಜುಮ್ಮೆಂದಿತು. ಐದನೇದರಲ್ಲಿ ಅವನ ಬಲಗೈ ಬಂಟ ಗುಂಡೇಟಿಗೆ ಸತ್ತ, ಇವನು ಕಿಟಕಿ ಗಾಜು ಒಡೆದ. ನಾಲ್ಕನೇದರಲ್ಲಿ ಇದ್ದಕ್ಕಿದ್ದಂತೆ ಚಡ್ಡಿ ಹಾಕಿಕೊಂಡು ಶಾಲೆಗೆ ಹೊರಟ. (ಪುಸ್ತಕ ತಿರುಗಿಸಿ ಹೆಸರು ನೋಡಿದೆ. ಅದೇ ಲೇಖಕಿ.) ಮೂರನೇದರಲ್ಲಿ ಮತ್ತೆ ಮೀಸೆ ಬಂತು, ಸತ್ತ ಬಂಟ ಮಂಚದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ದೆವ್ವದ ಕತೆಯೂ ಸೇರಿಸಿದ್ದಾಳೆ ಅಂದುಕೊಂಡೆ. ಎರಡನೇದರ ಹೊತ್ತಿಗೆ ಅವನು ಘರ್ಜಿಸಿದರೆ ಬಂಗಲೆಯ ದೀಪ ನಡುಗುತ್ತಿತ್ತು.

ನನ್ನ ಕಣ್ಣಲ್ಲಿ ನೀರು. ಪಾತ್ರೆ ತೊಳೆಯುತ್ತಿದ್ದ ಬಡಪಾಯಿಯೊಬ್ಬ ಹಂತಹಂತವಾಗಿ ತಲೆಯೆತ್ತಿ ಸಿಂಹವಾದ ಕತೆ. ಪ್ರತಿ ಗಂಡಸಿನ ಮನೆಯಲ್ಲಿ ಇರಬೇಕಾದ ಗ್ರಂಥ. ಮೊದಲನೇದರಲ್ಲಿ ಏನಾಗುತ್ತದೋ, ಅವನು ಪೂರ್ತಿ ಸ್ವತಂತ್ರನಾಗುತ್ತಾನೋ ಏನೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಅದು ಅತ್ತಿಗೆಯ ಮನೆಯಲ್ಲಿ.

ಭಾನುವಾರ ಮಧ್ಯಾಹ್ನ ನನ್ನ ನ್ಯಾಯಪೀಠ ಸೇರಿತು. ತೀರ್ಪು ಕೇಳಲು ಅತ್ತಿಗೆ ಬಂದರು, ಜೊತೆಗೆ ನನ್ನ ಷಡ್ಡಕ, ಅವರ ಯಜಮಾನರು. ಅವರು ಮಾತಾಡಿದ್ದನ್ನು ಕೇಳಿದವರಿಲ್ಲ, ಆದ್ದರಿಂದ ನಾವು ಅವರನ್ನು ಮೌನಿ ಭಾವ ಅನ್ನುತ್ತೇವೆ. ಅಕ್ಕತಂಗಿ ಸೋಫಾದ ಎರಡು ತುದಿಯಲ್ಲಿ ಕೂತು, ಒಬ್ಬಳು ಕಿಟಕಿಯನ್ನೂ ಇನ್ನೊಬ್ಬಳು ಗೋಡೆಯನ್ನೂ ನೋಡುತ್ತಿದ್ದರು.

ನಾನು ಗಂಟಲು ಸರಿಮಾಡಿಕೊಂಡೆ. "ಎರಡನೇದೂ ಅಲ್ಲ, ನಾಲ್ಕನೇದೂ ಅಲ್ಲ. ಏಳನೇದು ಮೊದಲು. ಅಲ್ಲಿಂದ ಹಿಂದಕ್ಕೆ."

ಅತ್ತಿಗೆ ನಕ್ಕರು. "ಏನ್ರೀ ರಿಪೇರಿ ಸಾಹೇಬ್ರೇ, ಕಾದಂಬರಿ ಅಂದ್ರೆ ಕೆಟ್ಟುಹೋದ ಮಿಕ್ಸಿ ಅಂದ್ಕೊಂಡ್ರಾ?"

"ಓದದೇ ಮಾತಾಡ್ಬೇಡಿ ಅತ್ತಿಗೆ."

"ನೀವು ನಿಜವಾಗ್ಲೂ ಓದಿದ್ರಾ, ಇಲ್ಲ ತಲೆದಿಂಬು ಮಾಡ್ಕೊಂಡ್ರಾ?"

ಅಷ್ಟು ಸಾಕಾಯಿತು. ನನ್ನ ನೆತ್ತಿಗೆ ಬೆಂಕಿ ಬಿತ್ತು. "ಓದಿಲ್ವಾ? ನಾನು ಓದಿಲ್ವಾ? ಕೇಳಿ ಹಾಗಾದ್ರೆ. ಆ ಬಲಗೈ ಬಂಟ ಇದ್ದಾನಲ್ಲ, ಅವನೇ ದ್ರೋಹಿ. ಐದನೇದರಲ್ಲಿ ಸಾಯ್ತಾನೆ. ಸತ್ತಿದ್ದಾಳೆ ಅಂತ ಎಲ್ಲರೂ ಅಳ್ತಾರಲ್ಲ, ಹೀರೋನ ತಾಯಿ, ಬದುಕಿದ್ದಾಳೆ, ಪಕ್ಕದ ಊರಲ್ಲೇ ಬೇಕರಿ ಇಟ್ಟಿದ್ದಾಳೆ. ಹುಟ್ಟೋದು ಹೆಣ್ಣುಮಗು. ಏಳನೇದರಲ್ಲಿ ಅವನು ಬಂಗಲೆ ಮಾರಿ ಪಾತ್ರೆ ತೊಳೀತಾನೆ. ಇಷ್ಟೂ ಓದದೇ ಗೊತ್ತಾಯ್ತಾ?"

ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ.

ಕಿಟಕಿ ನೋಡುತ್ತಿದ್ದವಳು ನಿಧಾನವಾಗಿ ತಿರುಗಿದಳು. ಗೋಡೆ ನೋಡುತ್ತಿದ್ದವರೂ ತಿರುಗಿದರು.

"ಅಕ್ಕಾ," ಅಂದಳು ನನ್ನವಳು, "ಕೇಳಿದ್ಯಾ?"

"ಕೇಳಿದೆ ಕಣೇ. ತಾಯಿ ಬದುಕಿದ್ದಾಳಂತೆ."

"ಆರಕ್ಕೆ ಆರೂ ಹೇಳ್ಬಿಟ್ರು."

"ಒಂದನ್ನೂ ಬಿಡ್ಲಿಲ್ಲ. ಹೇಗೆ ಸಂಸಾರ ಮಾಡ್ತೀಯೇ ಇವರ ಜೊತೆ?"

"ನನ್ನ ಕತೆ ಯಾರಿಗೆ ಹೇಳ್ಲಿ ಅಕ್ಕಾ. ಫೋನೂ ಮಾಡ್ಲಿಲ್ಲ ನೀನು."

ಅಷ್ಟು ದಿನ ಸೋಫಾದ ನಡುವೆ ಬಿದ್ದಿದ್ದ ಕಂದಕ ಕ್ಷಣದಲ್ಲಿ ಮುಚ್ಚಿಹೋಯಿತು. ಇಬ್ಬರೂ ಕೈ ಹಿಡಿದುಕೊಂಡು ಒಂದೇ ಬಾಯಲ್ಲಿ ನನ್ನನ್ನು ಝಾಡಿಸತೊಡಗಿದರು. ನನ್ನ ಸಿಂಹದ ಸಿದ್ಧಾಂತವನ್ನು ಹೇಳಿದ್ದಕ್ಕೆ ಅತ್ತಿಗೆ, "ಅದು ಸಿಂಹ ಆಗೋ ಕತೆ ಅಲ್ಲ ಮಾರಾಯ್ರೇ, ಸಿಂಹಾನ ದಾರಿಗೆ ತರೋ ಕತೆ. ಪಾತ್ರೆ ತೊಳೆಯೋದು ಕೊನೆ," ಅಂದರು.

ನಾನು ಬೆಂಬಲಕ್ಕಾಗಿ ಮೌನಿ ಭಾವನ ಕಡೆ ನೋಡಿದೆ. ಅವರು ಸದ್ದಿಲ್ಲದೆ ಎಲ್ಲರ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೊರಟಿದ್ದರು. ಹಿಂದೆಯೇ ಹೋದೆ. ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ, "ಒಂದು ಕಾಲದಲ್ಲಿ ನಾನೂ ಎರಡನೇ ಪುಸ್ತಕದಲ್ಲಿ ಇದ್ದವನೇ ತಮ್ಮಾ," ಅಂದರು. ನನ್ನ ಆಯುಸ್ಸಿನಲ್ಲಿ ಅವರ ಬಾಯಿಂದ ಕೇಳಿದ ಮೊದಲ ಮಾತು ಅದು.

ಈಗ ಸಂಜೆಗಳು ಮೊದಲಿನ ಹಾಗೇ ಆಗಿವೆ. ಹೆಂಡತಿ ಫೋನ್ ಹಿಡಿದು ಕೋಣೆಗೆ ಹೋಗುತ್ತಾಳೆ. ಮನೆಯೆಲ್ಲ ನಿಶ್ಶಬ್ದ. ಟೀವಿ ನನ್ನದು, ಕುರ್ಚಿ ನನ್ನದು. ಆದರೆ ಏನು ಮಾಡಲಿ, ಟೀವಿಯಲ್ಲಿ ಮನಸ್ಸು ನಿಲ್ಲುವುದಿಲ್ಲ. ಆರು ಪುಸ್ತಕ ಬಿಚ್ಚಿ ತಳದ ಸುತ್ತಿನ ಹತ್ತಿರ ಬಂದು ನಿಂತಿದ್ದೇನೆ. ಮೊದಲನೇ ಪುಸ್ತಕ ಇನ್ನೂ ಅತ್ತಿಗೆಯ ಹತ್ತಿರವೇ ಇದೆ. ಕೇಳಿದರೆ, ಕಳೆದುಹೋಯ್ತು ಅನ್ನುತ್ತಾರೆ, ನಗುತ್ತಾರೆ.

ನಿನ್ನೆ ತಡೆಯಲಾರದೆ ಕೋಣೆಯ ಬಾಗಿಲು ತಟ್ಟಿದೆ.

"ಏನ್ರೀ?"

"ಏನಿಲ್ಲ. ಅವನು ಅವಳನ್ನ ಮೊದಲು ನೋಡಿದ್ದೆಲ್ಲಿ? ಯಾಕೆ ಹೊತ್ಕೊಂಡು ಹೋದ? ಅಷ್ಟು ಹೇಳಿಬಿಡು ಸಾಕು."

ಒಳಗೆ ಫೋನಿನಲ್ಲಿ ಅತ್ತಿಗೆ ಏನೋ ಅಂದರು, ಇಬ್ಬರೂ ಸುಮಾರು ಹೊತ್ತು ನಕ್ಕರು. ಆಮೇಲೆ ನನ್ನವಳ ದನಿ ಕೇಳಿತು.

"ನಿಮ್ಮ ಲೆಕ್ಕದಲ್ಲಿ ಅದೇ ಕೊನೇ ಪುಸ್ತಕ ಅಲ್ವೇನ್ರೀ? ಕತೆಯ ಕೊನೇನ ಯಾರಾದ್ರೂ ಹೇಳ್ತಾರಾ?"