ಇಲ್ಲದ ಕರುವಿನ ಪಾಠ

ನಾಲ್ಕು ವರ್ಷದ ಮಗಳು ಬಂಗಾರಿಯನ್ನು ಹೊನ್ನಾವರದ ಬಾಲವಾಡಿಗೆ ಸೇರಿಸಿದ್ದು ನನ್ನ ಸ್ವಂತ ಬುದ್ಧಿ. (ನಮ್ಮ ಮನೆಯಲ್ಲಿ ನನ್ನ ಬುದ್ಧಿಗೆ ನಡೆಯಲು ಅವಕಾಶ ಸಿಗುವುದೇ ಅಪರೂಪ, ಸಿಕ್ಕಾಗಲೆಲ್ಲ ಅದು ಎಡವುತ್ತದೆ.) ದೇಶವೇ ಮೂರನೆಯ ಪಂಚವಾರ್ಷಿಕ ಯೋಜನೆ ಹಾಕಿಕೊಂಡಿರುವಾಗ, ಕಚೇರಿಯ ಗುಮಾಸ್ತನೊಬ್ಬ ತನ್ನ ಮಗಳಿಗೊಂದು ಯೋಜನೆ ಹಾಕಬಾರದೇ? ಆದರೆ ನನ್ನ ಹೆಂಡತಿ ಗಣಪಿ ಕೊಟ್ಟದ್ದು ಐದು ವರ್ಷವಲ್ಲ, ಒಂದೇ ವಾರ.

“ಶನಿವಾರದೊಳಗೆ ಕೂಸು ಎಂತಾದ್ರೂ ಕಲ್ತದ್ದು ಯನ್ನ ಕಣ್ಣಿಗೆ ಕಾಣವು. ಇಲ್ದಿದ್ರೆ ಸೋಮವಾರದಿಂದ ಮನೇಲೇ ಇರ್ಲಿ.”

ದಿನಾ ಸಂಜೆ ನಾನು ಮಗಳ ಪರೀಕ್ಷೆಗೆ ಕೂತೆ.

“ಗಣಿತದಲ್ಲಿ ಎಂತ ಕಲ್ತೆ?”

“ಚಿಪ್ಪಿ.”

“ಸಂಗೀತ?”

“ಚಪ್ಪಾಳೆ.”

“ಆರೋಗ್ಯಶಾಸ್ತ್ರ?”

“ಉಗುರು.”

“ಅಕ್ಷರ?”

“ಇಲ್ಲೆ.”

ಒಳಗೆ ಗಣಪಿ ಪಾತ್ರೆ ಕುಕ್ಕಿದ ಸದ್ದಿನಲ್ಲೇ ಫಲಿತಾಂಶ ಪ್ರಕಟವಾಗುತ್ತಿತ್ತು. ನನಗೋ ಸಂಕಟ. ಮಗಳು ಕಲಿಯಬೇಕೆಂಬ ಆಸೆ ಮನಸ್ಸಿನ ತುಂಬ ಇತ್ತು, ಸಾಕ್ಷಿ ಮಾತ್ರ ಇರಲಿಲ್ಲ.

ಶನಿವಾರ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ತುಂಬ ಇಪ್ಪತ್ತೆರಡು ಮಕ್ಕಳು. ಎಲ್ಲರ ಕೈಯಲ್ಲೂ ಒಂದೊಂದು ಹಿಡಿ ಹಸಿ ಹುಲ್ಲು! ಮುಂದೆ ಬಾಲವಾಡಿಯ ಅಕ್ಕೋರು, ತಿಂಗಳ ಹಿಂದಷ್ಟೇ ಧಾರವಾಡದಿಂದ ಬಂದವರು.

“ಹೆಗಡೆಯವರ, ಕರು ಎಲ್ಲಿ ಅದ್ರಿ?”

“ಯಾವ ಕರು?”

“ಇವತ್ತು ಸೃಷ್ಟಿಪರಿಚಯದ ಪಾಠ. ಯಾರ ಮನ್ಯಾಗ ಕರು ಅದ ಅಂತ ನಿನ್ನೆ ಒಬ್ಬೊಬ್ಬರನ್ನೂ ಕೇಳಿದೆ. ಎಲ್ಲಾರೂ ‘ಇಲ್ಲ’ ಅಂದ್ರು. ನಿಮ್ಮ ಬಂಗಾರಿ ಒಬ್ಬಾಕಿನ ‘ಇಲ್ಲೆ’ ಅಂದ್ಲು!”

ತಲೆಯ ಮೇಲೆ ಕೈ ಹೊತ್ತೆ. ನಮ್ಮ ಹವ್ಯಕರ ಮನೆಮಾತಿನಲ್ಲಿ ‘ಇಲ್ಲೆ’ ಎಂದರೆ ಇಲ್ಲವೇ ಇಲ್ಲ. ಧಾರವಾಡದಲ್ಲಿ ‘ಇಲ್ಲೆ’ ಎಂದರೆ ಇದೇ ಜಾಗದಲ್ಲಿ. ಎರಡು ಕೋಣೆಯ ನಮ್ಮ ಬಾಡಿಗೆ ಮನೆಯಲ್ಲಿ ನಾಲ್ಕು ಕಾಲಿನದೆಂದರೆ ಗೋಡೆಯ ಹಲ್ಲಿ ಒಂದೇ.

ಕರುವಿಲ್ಲ ಎಂದದ್ದೇ ತಡ, ಒಂದು ಮಗು ತುಟಿ ಸೊಟ್ಟ ಮಾಡಿತು. ಅಳು ಸಾಲಿನುದ್ದಕ್ಕೂ ಹಬ್ಬಿತು. ನನ್ನ ಪಕ್ಕ ಬಂದು ನಿಂತಿದ್ದ ಬಂಗಾರಿಯ ಕಣ್ಣಲ್ಲೂ ನೀರು. ಬಾಗಿಲ ಮರೆಯಿಂದ ಗಣಪಿಯ ದನಿ: “ಆತು, ಸೋಮವಾರದಿಂದ ಮನೇಲೇ.”

ಏನಾಯಿತೋ ತಿಳಿಯದು. ಮೂಲೆಯ ಗೋಣಿಚೀಲ ಬೆನ್ನಿಗೆಳೆದುಕೊಂಡು, ಅಂಗಳದಲ್ಲಿ ಕೈಕಾಲೂರಿ, “ಅಂಬಾ!” ಎಂದುಬಿಟ್ಟೆ. (ಸರಕಾರಿ ನೌಕರರ ನಿಯಮಾವಳಿಯಲ್ಲಿ ಇದಕ್ಕೆ ಅಡ್ಡಿಯಿಲ್ಲವೆಂದು ನಂಬಿದ್ದೇನೆ.) ಅಳು ನಿಂತಿತು. ಅಕ್ಕೋರು ಒಂದಿಷ್ಟೂ ವಿಚಲಿತರಾಗದೆ ಪಾಠ ಶುರುಮಾಡಿದರು.

ಮೊದಲು ಗಣಿತ. ಬಂಗಾರಿ ಮುಂದೆ ಬಂದು ನನ್ನನ್ನು ಮುಟ್ಟಿ ಮುಟ್ಟಿ ಎಣಿಸಿದಳು: “ಕಾಲು ಒಂದು, ಎರಡು, ಮೂರು, ನಾಲ್ಕು. ಕಿವಿ ಎರಡು. ಬಾಲ ಇಲ್ಲೆ.” ಆಮೇಲೆ ಸಂಗೀತ, ಇಪ್ಪತ್ತೆರಡು ಕೊರಳು ನನ್ನ ಕಿವಿಯ ಬುಡದಲ್ಲೇ. ಆಮೇಲೆ ಆರೋಗ್ಯಶಾಸ್ತ್ರ: ಕರುವಿನ ಮೈ ತೊಳೆಯುವುದು. ಇದಕ್ಕೆ ಗಣಪಿಯೇ ತಣ್ಣೀರಿನ ಕೊಡಪಾನ ಹೊತ್ತು ಓಡಿಬಂದಳು. ನನ್ನ ಯಾವ ಕೆಲಸಕ್ಕೂ ಅವಳು ಅಷ್ಟು ಉತ್ಸಾಹ ತೋರಿಸಿದ್ದಿಲ್ಲ. ಕೊನೆಗೆ ಹುಲ್ಲು.

“ಸ್ವಲ್ಪ ತಿನ್ನರಿ, ಇಲ್ಲಂದ್ರ ಮಕ್ಕಳು ಮತ್ತ ಅಳ್ತಾವ,” ಎಂದರು ಅಕ್ಕೋರು. ತಿಂದೆ.

ನಗುನಗುತ್ತಲೇ ಗಣಪಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಅಲ್ದಾ, ಕೂಸಿಗೆ ಎಣಿಸಲೆ ಬತ್ತು! ಸೋಮವಾರವೂ ಹೋಗ್ಲಿ.”

ಹಲ್ಲಿನ ಸಂದಿಯಲ್ಲಿ ಹುಲ್ಲಿದ್ದರೂ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ನನ್ನ ಯೋಜನೆ ಗೆದ್ದಿತ್ತು.

ಹೊರಟ ಅಕ್ಕೋರು ಬೇಲಿಬಾಗಿಲ ದಣಪೆಯ ಹತ್ತಿರ ನಿಂತು ಗಣಪಿಯ ಕಡೆ ತಿರುಗಿದರು. “ಬಾಯಾರ, ಬರೋ ಶನಿವಾರ ಕತ್ತೆಯ ಪಾಠ ಅದ. ನಿಮ್ಮ ಮನ್ಯಾಗ ಕತ್ತೆ ಅದ ಏನ್ರಿ?”

ಗಣಪಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಿಡಿಸಿ ಬಿಡಿಸಿ ಹೇಳಿದಳು: “ಇಲ್ಲೆ.”

ಅವಳು ಹೇಳಿದ್ದು ನಮ್ಮ ಮನೆಮಾತಿನಲ್ಲೋ ಧಾರವಾಡದ ಮಾತಿನಲ್ಲೋ ನಾನು ಕೇಳುವ ಧೈರ್ಯ ಮಾಡಲಿಲ್ಲ. ಅಕ್ಕೋರೂ ಕೇಳಲಿಲ್ಲ. ನನ್ನ ಕಡೆಗೊಮ್ಮೆ ನೋಡಿ, “ಹಂಗಾರ ಶನಿವಾರ ಎಂಟಕ್ಕ ಎಲ್ಲಾರೂ ಇಲ್ಲಿಗೇ ಬರ್‍ರಿ,” ಎಂದು ಮಕ್ಕಳಿಗೆ ಹೇಳಿ ಹೊರಟರು.